ಐತವಾರದ ಕಾಗದ ಕಾಕಾ

ಭಾಲ್ಕಿಯ ಆ ಓಣಿಯಲ್ಲಿ ಪ್ರಮಿಲಾಳ ಸಂಶಯಕ್ಕೆ ಒಳಗಾಗದವರು ಯಾರೂ ಉಳಿದಿರಲಿಲ್ಲ. ಹಾಲಿನವನು ಬಂದರೆ ಮೊದಲು ಹಾಲಿಗೆ ಬೆರಳದ್ದಿ ನೋಡುವಳು. ತರಕಾರಿಯವಳು ತಕ್ಕಡಿ ಎತ್ತಿದರೆ ಅದರ ಅಡಿಗೆ ಕೈಯಾಡಿಸುವಳು. ಕರೆಂಟ್ ಬಿಲ್ ಕೊಡಲು ಬಂದವನನ್ನು ಮೀಟರಿನ ಮುಂದೆ ನಿಲ್ಲಿಸಿ ಇನ್ನೊಮ್ಮೆ ಓದಿಸುವಳು. ಅವಳ ಗಂಡ ಭಾಲಚಂದ್ರನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಬಣ್ಣ, ಮೊಳೆ, ಕೀಲಿಗಳ ಅಂಗಡಿ. "ನಿನಗ ನಿನ್ನ ನೆರಳಿನ ಮ್ಯಾಲೂ ನಂಬಿಕಿ ಇಲ್ಲ" ಎಂದು ಅವನು ಆಡಿಕೊಂಡರೆ ಅವಳು ಬಿಡುತ್ತಿರಲಿಲ್ಲ.

"ಮಧ್ಯಾಹ್ನ ಗಿಡ್ಡ ಇರ್ತದ, ಸಂಜಿಗಿ ಉದ್ದ ಆಗ್ತದ. ಅಂಥಾದ್ದನ್ನ ಹ್ಯಾಂಗ ನಂಬ್ಲಿ?"

ಅಂಥವಳ ಮನೆಯ ಕಟ್ಟೆಯ ಮೇಲೇ ಆ ಮನುಷ್ಯ ಬಂದು ಕೂತ.

ಮಳೆಗಾಲ ಹಿಂದೆ ಸರಿದು ತೊಗರಿ ಹೂ ಹಿಡಿದಿದ್ದ ದಿನಗಳು. ಐತವಾರ ಮಧ್ಯಾಹ್ನ ಪ್ರಮಿಲಾ ಮೇಲೆ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವಿ ಕೆಳಗಿಳಿದು ಬಂದಾಗ ಅತ್ತೆ ಶಾಲುಬಾಯಿಯ ಎದುರು ಒಬ್ಬ ಅಪರಿಚಿತ ಕೈಮುಗಿದು ನಿಂತಿದ್ದ. ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ತಿಳಿ ಅಂಗಿ, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲೊಂದು ಚಿತ್ರದ ಪುಸ್ತಕ. ಹೆಸರು ಜ್ಞಾನೇಶ್ವರ ಎಂದ. ಊರು ಕಮಠಾಣದ ಕಡೆ, ಬೀದರಿನಲ್ಲಿ ಖಾಸಗಿ ನೌಕರಿ, ರಜೆಯ ದಿನ ಊರೂರು ತಿರುಗಿ ಮಕ್ಕಳಿಗೆ ಕಥೆ ಓದಿ ಕಾಗದದ ಆಟಿಕೆ ಮಾಡಿಸುತ್ತೇನೆ, ನಿಮ್ಮ ಕಟ್ಟೆ ಮೇಲೆ ನೆರಳು ಚೆನ್ನಾಗಿದೆ, ಅಪ್ಪಣೆ ಕೊಟ್ಟರೆ ಇಲ್ಲೇ ಕೂಡುತ್ತೇನೆ ಎಂದ. ಇಷ್ಟನ್ನೂ ಅವನು ಶಾಲುಬಾಯಿಯ ತವರಿನ ಮರಾಠಿಯಲ್ಲಿ ಹೇಳಿ, ಬಗ್ಗಿ ಕಾಲು ಮುಟ್ಟಿದ. ಮುದುಕಿ ಅಲ್ಲಿಗೇ ಕರಗಿಹೋದಳು.

"ಫೀ ಎಷ್ಟರಿ?" ಬಾಗಿಲಲ್ಲಿ ನಿಂತೇ ಪ್ರಮಿಲಾ ಕೇಳಿದಳು.

"ಫೀ ಏನಿಲ್ಲ ವೈನಿ. ಮಕ್ಕಳು ನಕ್ಕರ ಸಾಕರಿ."

ಯಾವ ಅಣ್ಣನ ಸಂಬಂಧದಿಂದ ನಾನು ಇವನಿಗೆ ವೈನಿ ಎಂದು ಪ್ರಮಿಲಾ ಮನಸ್ಸಿನಲ್ಲೇ ಹಲ್ಲು ಕಡಿದಳು. ಪುಕ್ಕಟೆ ಸಿಗುವ ವಸ್ತುವಿನ ಬೆಲೆ ಆಮೇಲೆ ತಿಳಿಯುತ್ತದೆ ಎಂಬುದು ಅವಳ ಖಚಿತ ಅಭಿಪ್ರಾಯ. ಆದರೆ ಅಷ್ಟರಲ್ಲಿ ಮಗಳು ಕೇತಕಿ ಓಣಿಯ ಮಕ್ಕಳನ್ನೆಲ್ಲ ಕೂಗಿ ಕರೆದಾಗಿತ್ತು.

ಪುಸ್ತಕ ಹಳೆಯದು, ಮೂಲೆಗಳು ಮೆತ್ತಗಾಗಿದ್ದವು. ಕೆಂಪು ಟೊಪ್ಪಿಗೆಯ ಕಪ್ಪೆಯೊಂದರ ಕಥೆ. ಅದರ ಬಾವಿ ಬತ್ತಿದೆ. ಕಪ್ಪೆ ಗಂಟು ಕಟ್ಟಿಕೊಂಡು ಹೊರಡುತ್ತದೆ, ಎದುರಾದ ಆಮೆಯನ್ನು, ಕೊಕ್ಕರೆಯನ್ನು, ಕೆಸರಲ್ಲಿ ಮಲಗಿದ ಎಮ್ಮೆಯನ್ನು "ನೀರೆಲ್ಲಿ ಅದಾವರಿ?" ಎಂದು ಕೇಳುತ್ತದೆ. ಕೊನೆಯ ಪುಟದಲ್ಲಿ ಎರಡೂ ಬದಿಗೆ ಹರಡಿದ ದೊಡ್ಡ ಕೆರೆ. ಅವನು ಓದುವ ರೀತಿಯೂ ಚೆಂದವೇ ಇತ್ತು. ಎಮ್ಮೆಗೆ ದಪ್ಪ ದನಿ, ಕೊಕ್ಕರೆಗೆ ಮೂಗಿನ ದನಿ. ಓದಿಯಾದ ಮೇಲೆ ಚೀಲದಿಂದ ಹಳೆ ಕ್ಯಾಲೆಂಡರ್ ಹಾಳೆ, ಮದುವೆಯ ಕಾರ್ಡು, ಮಿಠಾಯಿ ಡಬ್ಬಿಯ ಮುಚ್ಚಳ ತೆಗೆದ. ಚೌಕ ಕಾಗದವನ್ನು ಮಡಚಿ, ತಿರುವಿ, ಮತ್ತೆ ಮಡಚಿ ನೆಲದ ಮೇಲಿಟ್ಟು ಬೆನ್ನು ಒತ್ತಿ ಬಿಟ್ಟರೆ ಕಪ್ಪೆ ಟಣ್ಣನೆ ಹಾರಿ ಶಾಲುಬಾಯಿಯ ಮಡಿಲಿಗೆ ಬಿತ್ತು. ಮಕ್ಕಳು ಕುಣಿದಾಡಿದರು. ಮುಂದಿನ ವಾರ ಡಬ್ಬಿಯ ಮುಚ್ಚಳದಿಂದ ಆಮೆಯ ಚಿಪ್ಪು, ಅದರ ಮುಂದಿನ ವಾರ ಕೊಕ್ಕರೆ. ಹುಡುಗರು ಅವನನ್ನು ಕಾಗದ ಕಾಕಾ ಎಂದು ಕರೆಯತೊಡಗಿದರು.

ಪ್ರಮಿಲಾ ಪರದೆಯ ಹಿಂದೆ ಬೇಳೆ ಆರಿಸುತ್ತ ಕೂತು ಅವನನ್ನೇ ನೋಡುವಳು. ನೋಡಿದಷ್ಟೂ ಸಂಶಯದ ಹರಳುಗಳು ಬೇಳೆಗಿಂತ ಹೆಚ್ಚು ಸಿಕ್ಕವು.

ಮೊದಲನೆಯದು, ಮಾಡಿದ ಆಟಿಕೆಯನ್ನು ಯಾರೂ ಮನೆಗೆ ಒಯ್ಯಕೂಡದು. "ಎಲ್ಲಾ ಒಂದು ಡಬ್ಬಿಯೊಳಗ ಇಡ್ರಿ. ಕಡೀಗಿ ದೊಡ್ಡ ಕೆರಿ ಮಾಡಿ ಅವ್ವ-ಅಪ್ಪಗ ತೋರಸೋಣ. ಅಲ್ಲಿತನಕ ಯಾರಿಗೂ ಹೇಳಬ್ಯಾಡ್ರಿ" ಎಂದು ಅವನು ಮಕ್ಕಳಿಗೆ ಹೇಳಿದ್ದ. ತಾಯಿಗೆ ಹೇಳಬೇಡ ಎಂದು ಮಕ್ಕಳಿಗೆ ಹೇಳುವ ಗಂಡಸು ಎಂಥವನಿರಬಹುದು?

ಎರಡನೆಯದು, ಕೇತಕಿ ಫೋನ್ ಹಿಡಿದು ಫೋಟೊ ತೆಗೆಯಲು ಹೋದಾಗ ಅವನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದ.

ಮೂರನೆಯದು ಅವಳೇ ಪರೀಕ್ಷೆ ಮಾಡಿ ಕಂಡದ್ದು. ಸಾಲೆಗೆ ಮಂಗಳವಾರ ಹಬ್ಬದ ರಜೆ ಬಂದಿತ್ತು. "ಮಂಗಳವಾರ ಬರ್ರಿ, ಮಕ್ಕಳು ಖಾಲಿ ಇರ್ತಾವ" ಎಂದಳು. ಅವನ ಮುಖ ಸಣ್ಣಗಾಯಿತು. "ಮಂಗಳವಾರ ಬಿಲ್ಕುಲ್ ಆಗೂದಿಲ್ಲರಿ" ಎಂದ. ಯಾಕೆ ಎಂದರೆ ಕಾಗದ ಮಡಚತೊಡಗಿದ. ಐತವಾರವೂ ಅಷ್ಟೇ, ಬಿಸಿಲು ಇಳಿಯುವ ಮೊದಲೇ ಚೀಲ ಕಟ್ಟಿ, ಬೀದರ್ ಬಸ್ಸು ಬರುವ ದಾರಿಯನ್ನು ಬಿಟ್ಟು ಹಿಂದಿನ ಸಂದಿಯಿಂದ ಹೋಗಿಬಿಡುವನು.

ಒಂದು ದಿನ ಅವನು ನೀರು ಕುಡಿಯಲು ಎದ್ದಾಗ ಪ್ರಮಿಲಾ ಪುಸ್ತಕ ಎತ್ತಿ ನೋಡಿದಳು. ಕೊನೆಯ ಪುಟದ ಕೆರೆಯ ತುಂಬ ಹಸಿರು ಮೇಣದ ಬಣ್ಣದಲ್ಲಿ ಗೀಚಿತ್ತು, ಇನ್ನೂ ಪೆನ್ಸಿಲ್ ಹಿಡಿಯಲು ಬಾರದ ಕೂಸಿನ ಗುಂಡು ಗುಂಡು ಗೀಚು.

"ನಿಮಗ ಮಕ್ಕಳು ಎಷ್ಟರಿ?" ಅವನು ಬಂದ ಮೇಲೆ ಸಹಜವೆಂಬಂತೆ ಕೇಳಿದಳು.

"ನಂದು ಲಗ್ನಾನೇ ಆಗಿಲ್ಲ ವೈನಿ."

"ಹಂಗಾದ್ರ ಇದನ್ನ ಯಾರು ಗೀಚ್ಯಾರ?"

ಅವನು ಪುಸ್ತಕ ಮುಚ್ಚಿದ. "ಹಳೀ ಪುಸ್ತಕ ನೋಡ್ರಿ. ರದ್ದಿ ಅಂಗಡ್ಯಾಗ ಸಿಕ್ಕದ್ದು" ಎಂದ. ಅವನು ಸುಳ್ಳು ಹೇಳುತ್ತಿದ್ದಾನೆ ಎಂಬುದರಲ್ಲಿ ಪ್ರಮಿಲಾಳಿಗೆ ಸಂಶಯವೇ ಉಳಿಯಲಿಲ್ಲ.

ಮಕ್ಕಳಲ್ಲಿ ಅವನ ಕಣ್ಣು ಹೆಚ್ಚು ಹೋಗುತ್ತಿದ್ದದ್ದು ಮಂಜಿರಿಯ ಕಡೆಗೆ. ಮಂಜಿರಿ ಪ್ರಮಿಲಾಳ ಹಿತ್ತಲ ಕೋಣೆಗಳಲ್ಲಿ ಬಾಡಿಗೆಗಿದ್ದ ಸುವರ್ಣಾಳ ಮಗಳು, ಏಳು ವರ್ಷದ ಮೆತ್ತನೆ ಹುಡುಗಿ. ಸುವರ್ಣಾ ಬೀದರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಐತವಾರ ಅಲ್ಲಿ ಗಿರಾಕಿ ಹೆಚ್ಚು; ಅವಳ ವಾರದ ರಜೆ ಮಂಗಳವಾರ. ಹಾಗಾಗಿ ಐತವಾರವೆಲ್ಲ ಮಂಜಿರಿ ಪ್ರಮಿಲಾಳ ಮನೆಯಲ್ಲೇ. ಗಂಡನ ಬಗ್ಗೆ ಕೇಳಿದರೆ ಸುವರ್ಣಾ "ದೂರ ಇದ್ದಾರರಿ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದಳು. ಬಾಡಿಗೆಗೆ ಬಂದು ಇಷ್ಟು ವರ್ಷವಾದರೂ ಪ್ರಮಿಲಾಳಂಥ ಪ್ರಮಿಲಾಳಿಗೂ ಅದಕ್ಕಿಂತ ಹೆಚ್ಚು ಸಿಕ್ಕಿರಲಿಲ್ಲ. ಕಾಗದ ಕಲಿಸಲು ಯಾರೋ ಬರುತ್ತಾರೆ ಎಂದು ಹೇಳಿದಾಗಲೂ ಸುವರ್ಣಾ ದಣಿದ ಕಾಲು ನೀವಿಕೊಳ್ಳುತ್ತ, "ಛೊಲೋ ಆತು ಬಿಡ್ರಿ ವೈನಿ, ಫೋನ್ ನೋಡೂದು ತಪ್ತು" ಎಂದಿದ್ದಳು.

ಕೊಕ್ಕರೆ ಮಾಡಿದ ದಿನ ಪ್ರಮಿಲಾ ಒಂದು ವಿಚಿತ್ರ ಕಂಡಳು. ಉಳಿದ ಮಕ್ಕಳು ಮಡಿಕೆ ತಪ್ಪಿ ಗೊಂದಲ ಮಾಡಿಕೊಂಡು ಕಾಕಾನ ಮುಖ ನೋಡುತ್ತಿದ್ದರು. ಮಂಜಿರಿ ಮಾತ್ರ ತಲೆ ಎತ್ತದೆ, ಅವನು ಹೇಳುವ ಮೊದಲೇ ಕಾಗದವನ್ನು ತಿರುವಿ ಮಡಚಿದಳು. ಎಡಗೈ ಹೆಬ್ಬೆರಳಿನ ಉಗುರಿನಿಂದ ಗೆರೆ ಎಳೆದು, ನಂತರ ಬಾಯಿಯಿಂದ ಉಫ್ ಎಂದು ಊದಿದಳು. ಆಚೆ ಕೂತ ಅವನೂ ಎಡಗೈ ಹೆಬ್ಬೆರಳಿನಿಂದಲೇ ಗೆರೆ ಎಳೆದು ಉಫ್ ಎಂದ. ಒಂದೇ ಯಂತ್ರದ ಎರಡು ಸೂಜಿಗಳಂತೆ ಕಂಡವು ಆ ಕೈಗಳು.

"ಮಂಜಿರಿ, ಇದನ್ನ ಮೊದಲ ಯಾರ ಕಲಿಸ್ಯಾರ?" ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದಳು.

"ಯಾರೂ ಇಲ್ಲ ಮೌಶಿ. ಕೈಗೆ ಬಂತು."

ಇವನು ಹುಡುಗಿಯನ್ನು ಗುಟ್ಟಾಗಿ ಬೇರೆ ಎಲ್ಲೋ ಕರೆಸಿ ಕಲಿಸುತ್ತಿದ್ದಾನೆ ಎಂದು ಪ್ರಮಿಲಾ ತೀರ್ಮಾನಿಸಿದಳು. ಮರುದಿನ ಬೆಳಿಗ್ಗೆ ನೀರು ತುಂಬುವಾಗ ಎದುರು ಮನೆಯ ಶಿವಕಾಂತಾಳ ಮುಂದೆ ಬಾಯಿಬಿಟ್ಟಳು. "ನನಗ್ಯಾಕೋ ಈ ಮನಷ್ಯಾ ಸರಿ ಕಾಣವಲ್ಲ. ಮಕ್ಕಳ ಕಳ್ಳನೋ ಏನೋ."

ಶಿವಕಾಂತಾಳ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಓಣಿಯ ವಾಟ್ಸಾಪ್ ಗುಂಪಿಗೆ ಹೋಯಿತು, ಸಂಜೆಗೆ ತಿರುಗಿ ಪ್ರಮಿಲಾಳ ಫೋನಿಗೇ ಬಂತು. ಬರುವಾಗ "ಏನೋ" ಉದುರಿಹೋಗಿತ್ತು. "ನಮ್ಮ ಭಾಗದಾಗ ಮಕ್ಕಳ ಕಳ್ಳರು ಬಂದಾರ, ಕಾಗದದ ಗೊಂಬಿ ಕೊಟ್ಟು ಕರಕೊಂಡು ಹೋಗ್ತಾರ, ಎಚ್ಚರ" ಎಂದಿತ್ತು ಅದರಲ್ಲಿ. ಮೂಲೆಯ ಪಾನ್ ಅಂಗಡಿಯ ಮಡೆಪ್ಪ, "ಮುಂದಿನ ಸಲ ಬರ್ಲಿ, ನೋಡ್ಕೋತೇವಿ" ಎಂದು ಬರೆದಿದ್ದ.

ಅದನ್ನು ಓದಿದಾಗ ಪ್ರಮಿಲಾಳಿಗೆ ಹಳೆಯದೊಂದು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಇಂಥದೇ ಸುದ್ದಿ ನಂಬಿದ ಜನ ಏನೂ ಅರಿಯದ ಒಬ್ಬನನ್ನು ಕೊಂದಿದ್ದರು. ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಅವನ ತಪ್ಪಾಗಿತ್ತು. ಆದರೂ ಅವಳು ಗುಂಪಿನಲ್ಲಿ ಏನೂ ಬರೆಯಲಿಲ್ಲ. ಒಂದು ವೇಳೆ ಇವನು ಖರೇ ಕಳ್ಳನೇ ಆಗಿದ್ದರೆ?

ಆ ವಾರವೇ ಅವನು ಶಾಲುಬಾಯಿಗೆ ಫೋನ್ ಮಾಡಿ, ಈ ಐತವಾರ ಮಕ್ಕಳನ್ನು ಬೀದರ್ ಕೋಟೆಗೆ ಕರೆದೊಯ್ಯುತ್ತೇನೆ, ಕೊಕ್ಕರೆಗಳನ್ನು ಕೋಟೆಯ ಗೋಡೆಯ ಮೇಲಿನಿಂದ ಹಾರಿಸೋಣ ಎಂದ. ಓಣಿಯ ಬೇರೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಕೇತಕಿ ಮತ್ತು ಮಂಜಿರಿ ಅತ್ತೂ ಕರೆದೂ ಹಟ ಹಿಡಿದರು. ಬೇಡ ಎಂದುಬಿಟ್ಟರೆ ಅವನು ಇನ್ನೊಂದು ಊರಿನ ಇನ್ನೊಂದು ಕಟ್ಟೆ ಹುಡುಕಿಕೊಳ್ಳುತ್ತಾನೆ, ಸತ್ಯ ಎಂದೂ ತಿಳಿಯುವುದಿಲ್ಲ. ಪ್ರಮಿಲಾ ಸುವರ್ಣಾಳಿಗೆ, "ನಾನೂ ಹೋಗ್ತೇನಿ. ನಿನ್ನ ಮಗಳ ಜಿಮ್ಮೇದಾರಿ ನಂದು" ಎಂದು ಮಾತು ಕೊಟ್ಟು ಹೊರಟಳು.

ಬಸ್ಸು ಹಲಬರ್ಗಾ ದಾಟಿ ಬೀದರ್ ಮುಟ್ಟುವವರೆಗೂ ಅವಳು ಇಬ್ಬರು ಹುಡುಗಿಯರನ್ನು ಕಿಟಕಿಯ ಕಡೆ ಕೂಡಿಸಿ ತಾನು ಈಚೆ ಕೂತಳು. ಅವನು ಕೋಟೆಯ ಬಾಗಿಲಲ್ಲಿ ಕಾಯುತ್ತಿದ್ದ. ಗಡ್ಡ ಬೋಳಿಸಿ, ಹೊಸ ಅಂಗಿ ಹಾಕಿದ್ದ. ಮಂಜಿರಿ, "ಕಾಕಾ, ನಮ್ಮವ್ವನ ಅಂಗಡಿ ಇಲ್ಲೇ ಅದರಿ, ನೋಡಿ ಬರೋಣ" ಎಂದಾಗ ಅವನು ಗಾಬರಿಯಾದವನಂತೆ, "ಇವತ್ತ ಟೈಮಿಲ್ಲ ಬೇಟಾ" ಎಂದುಬಿಟ್ಟ. ಪ್ರಮಿಲಾ ಅದನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಕೋಟೆಯೊಳಗೆ, ಹದಿನಾರು ಕಂಬದ ಮಸೀದಿಯ ಎದುರಿನ ಹುಲ್ಲಿನ ಮೇಲೆ ಕೊಕ್ಕರೆಗಳು ಹಾರಿದವು. ಒಂದು ಅಂಜೂರದ ಗಿಡಕ್ಕೆ ಸಿಕ್ಕಿಕೊಂಡಿತು, ಒಂದನ್ನು ನಾಯಿ ಕಚ್ಚಿಕೊಂಡು ಓಡಿತು. ಹುಡುಗಿಯರ ನಗು ಕೇಳಿ ಪ್ರಮಿಲಾಳ ಬಿಗಿ ತುಸು ಸಡಿಲಿತು. ಆಗಲೇ ಕೇತಕಿ ಹೊಟ್ಟೆ ಹಿಡಿದುಕೊಂಡಳು. ದಾರಿಯಲ್ಲಿ ಕುಡಿದ ಕಬ್ಬಿನ ಹಾಲು ಅವಳಿಗೆ ಒಗ್ಗಿರಲಿಲ್ಲ. ನಳದ ಹತ್ತಿರ ಕರೆದೊಯ್ದು ವಾಂತಿ ಮಾಡಿಸಿ, ಮುಖ ತೊಳೆಸಿ ತಿರುಗಿ ಬರುವಷ್ಟರಲ್ಲಿ ಹುಲ್ಲಿನ ಮೇಲೆ ಯಾರೂ ಇರಲಿಲ್ಲ.

"ಮಂಜಿರೀ!"

ಮಸೀದಿಯ ಕಂಬಗಳ ಹಿಂದೆ ನೋಡಿದಳು. ಗಿಡದ ಕೆಳಗೆ ನೋಡಿದಳು. ಅವನಿಗೆ ಫೋನ್ ಮಾಡಿದರೆ ಬಂದ್ ಆಗಿತ್ತು. ಬಾಗಿಲ ಕಾವಲಿನವನು, "ಆ ಕೆಂಪು ಫ್ರಾಕಿನ ಹುಡ್ಗಿನಾ? ಈಗಷ್ಟೇ ಆಟೋದಾಗ ಹೋದ್ರು. ಬಸ್ ಸ್ಟ್ಯಾಂಡ್ ಅಂದಂಗ ಕೇಳ್ತು" ಎಂದ.

ಪ್ರಮಿಲಾ ರಸ್ತೆಗೆ ಓಡಿದಳು. ಕೇತಕಿಯನ್ನು ಎತ್ತಿ ಇನ್ನೊಂದು ಆಟೋದಲ್ಲಿ ಹಾಕಿದಳು. ಅವಳ ಮುಖ ನೋಡಿ ಆಟೋದವನು, "ಏನಾತು ಅಕ್ಕಾ? ಯಾರರ ಏನರ ಮಾಡ್ಯಾರೇನು? ಸ್ಟ್ಯಾಂಡಿನಾಗ ನಮ್ಮ ಹುಡುಗರದಾರ, ಒಂದು ಫೋನ್ ಮಾಡ್ಲೇನು?" ಎಂದ. ಅವಳು ಬೇಡ ಎಂದು ತಲೆ ಅಲ್ಲಾಡಿಸಿದಳು. ಯಾಕೆ ಬೇಡ ಎಂದಳೋ ಆಗ ಅವಳಿಗೇ ತಿಳಿಯಲಿಲ್ಲ.

ಬೀದರ್ ಬಸ್ ಸ್ಟ್ಯಾಂಡ್ ಐತವಾರದ ಗದ್ದಲದಲ್ಲಿ ಕುದಿಯುತ್ತಿತ್ತು. ಔರಾದ್ ಬಸ್ಸಿನ ಕಿಟಕಿಯಲ್ಲಿ ಕೆಂಪು ಫ್ರಾಕು ಕಂಡಿತು. ಪಕ್ಕದಲ್ಲಿ ಅವನು. ಡ್ರೈವರ್ ಏರಿ ಕೂತಿದ್ದ, ಇಂಜಿನ್ ಗುರುಗುಡುತ್ತಿತ್ತು.

ಪ್ರಮಿಲಾಳ ಬಾಯಿ ತೆರೆಯಿತು. ಮಕ್ಕಳ ಕಳ್ಳ ಎಂಬ ಮಾತು ಗಂಟಲಿಗೆ ಬಂದು ನಿಂತಿತು. ಒಮ್ಮೆ ಒದರಿದರೆ ಸಾಕಿತ್ತು. ಚಹಾದ ಅಂಗಡಿಯ ಮುಂದೆ ನಿಂತ ಗಂಡಸರು, ಹಮಾಲರು, ಆಟೋದ ಹುಡುಗರು ಒಂದೇ ಉಸಿರಿಗೆ ಬಸ್ಸು ಮುತ್ತುತ್ತಿದ್ದರು. ಅವನನ್ನು ಕಿಟಕಿಯಿಂದಲೇ ಎಳೆಯುತ್ತಿದ್ದರು. ಆಮೇಲೆ ಅವಳು ತಪ್ಪಾಯಿತು, ನಿಲ್ಲಿಸಿ ಎಂದು ಎಷ್ಟು ಕೂಗಿದರೂ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಕಿಟಕಿಯಲ್ಲಿ ಮಂಜಿರಿ ಏನನ್ನೋ ಹೇಳುತ್ತಿದ್ದಳು, ಅವನು ಬಗ್ಗಿ ಕೇಳುತ್ತಿದ್ದ. ಪ್ರಮಿಲಾ ಬಾಯಿ ಮುಚ್ಚಿದಳು. ಕೇತಕಿಯನ್ನು ಎಳೆದುಕೊಂಡು ಹೊರಡುತ್ತಿದ್ದ ಬಸ್ಸು ಹತ್ತಿದಳು.

ಕಂಡಕ್ಟರ್ ಅವಳ ಆಧಾರ್ ಕಾರ್ಡ್ ನೋಡಿ, "ಎಲ್ಲಿಗ್ರಿ?" ಎಂದ.

"ಆ ಮನಷ್ಯಾ ಎಲ್ಲಿ ಇಳೀತಾನ, ಅಲ್ಲಿಗಿ."

ಅವನು ತಿರುಗಿ ನೋಡಿದ. ಅರ್ಧ ಎದ್ದವನು ಮತ್ತೆ ಕೂತ. ಮಂಜಿರಿ ಮಾತ್ರ ಹಿಗ್ಗಿ, "ಮೌಶಿ, ನೀವೂ ಬಂದ್ರಿ! ಕಾಕಾ ಹೇಳಿದ್ರು ನೀವು ಹಿಂದಿನ ಬಸ್ಸಿಗಿ ಬರ್ತೀರಿ ಅಂತ" ಎಂದಳು.

ಪ್ರಮಿಲಾ ಹುಡುಗಿಯನ್ನು ಎಬ್ಬಿಸಿ ಕೇತಕಿಯ ಜೊತೆ ಮುಂದಿನ ಸೀಟಿಗೆ ಕೂಡಿಸಿದಳು. ತಾನು ಅವನ ಪಕ್ಕದಲ್ಲಿ, ಅವನು ಏಳಲಾಗದಂತೆ ಅಡ್ಡಲಾಗಿ ಕೂತಳು.

"ಹೇಳ್ರಿ. ಖರೇ ಹೇಳ್ರಿ. ಇಲ್ಲಾಂದ್ರ ಈಗಿಂದೀಗ ಒದರ್ತೇನಿ."

ಅವನು ಚೀಲವನ್ನು ಮಡಿಲಿಗೆ ಎಳೆದುಕೊಂಡ. "ನನ್ನ ಹೆಸರ ಜ್ಞಾನೇಶ್ವರ ಅಲ್ಲರಿ. ಅಮಿತಕುಮಾರ. ಮಂಜಿರಿ ನನ್ನ ಮಗಳು."

"ಹಂಗಂತ ಯಾರೂ ಅನಬಹುದು."

"ಸುವರ್ಣಾ ನನ್ನ ಬಿಟ್ಟು ಬಂದಾಗ ಇಕಿಗಿ ಮೂರು ವರ್ಷ. ಆ ಪುಸ್ತಕ ಇಕೀದೇರಿ. ಗೀಚಿದ್ದೂ ಇಕಿನೇ. ನಮ್ಮವ್ವ ಔರಾದಿನಾಗ ಹಾಸಗಿ ಹಿಡದಾಳ. ಮಮ್ಮಗಳ ಮುಖ ಒಮ್ಮಿ ತೋರಸು ಅಂತ ದಿನಾ ಅಳ್ತಾಳ. ಸಂಜಿಗಿ ತಿರುಗಿ ತಂದು ಬಿಡ್ತಿದ್ದೆ, ಬಸವಣ್ಣನ ಆಣಿ."

"ಆಣಿ ಬ್ಯಾಡ. ಅವ್ವ ಅದಾಳ ಅನ್ನೂದೂ ಸುಳ್ಳಿರಬಹುದು."

ಅವಳು ಸುವರ್ಣಾಳಿಗೆ ಫೋನ್ ಮಾಡಿದಳು. ಅಮಿತಕುಮಾರ ಎಂಬ ಹೆಸರು ಕೇಳಿದೊಡನೆ ಸುವರ್ಣಾ ಅಂಗಡಿಯ ಗದ್ದಲದಿಂದ ಹೊರಗೆ ಬಂದಳು. ಆಮೇಲೆ ಅಂದಳು: "ವೈನಿ, ಮಂಜಿರಿ ಕೈ ಬಿಡಬ್ಯಾಡ್ರಿ. ಅವನ ಕೈಯಾಗ ಫೋನ್ ಕೊಡಬ್ಯಾಡ್ರಿ."

ಅಂದರೆ ಅವನು ಹೇಳಿದ್ದರಲ್ಲಿ ಅರ್ಧವಾದರೂ ನಿಜ.

"ಜನವಾಡದಾಗ ಇಳಿಸ್ಕೊಂಡು ತಿರುಗಿ ಬರ್ತೇನಿ ತಗೋ" ಎಂದಳು ಪ್ರಮಿಲಾ. "ಅವರವ್ವಗ ಆರಾಮಿಲ್ಲಂತ. ಹಂಗಂತ ಇವರು ಹೇಳ್ತಾರ, ನನಗ ಗೊತ್ತಿಲ್ಲ."

ಬಸ್ಸು ಊರು ದಾಟಿ ಹೊಲಗಳ ನಡುವೆ ಬಂತು. ಸುವರ್ಣಾ, "ಮುದುಕಿದು ಏನೂ ತಪ್ಪಿಲ್ಲರಿ" ಎಂದಳು. "ಕರಕೊಂಡು ಹೋಗ್ರಿ. ನೀವು ಮಾತ್ರ ಅಲ್ಲಿಂದ ಅಲ್ಲಾಡಬ್ಯಾಡ್ರಿ. ನಾ ಹಿಂದಿನ ಬಸ್ಸಿಗೇ ಬರ್ತೇನಿ."

ಔರಾದಿನಲ್ಲಿ ಅವನ ಮನೆ ಮುಖ್ಯ ರಸ್ತೆಯಿಂದ ಒಳಗೆ, ಬೇವಿನ ಗಿಡದ ಪಕ್ಕ. ಪ್ರಮಿಲಾ ಒಳಗೆ ಕಾಲಿಡುವ ಮೊದಲು ನೆರೆಮನೆಯ ಹೆಂಗಸನ್ನು ಕರೆದು ಇದು ಯಾರ ಮನೆ, ಒಳಗೆ ಯಾರಿದ್ದಾರೆ ಎಂದು ಕೇಳಿ ಖಾತ್ರಿ ಮಾಡಿಕೊಂಡಳು. ಮುದುಕಿ ಇದ್ದದ್ದು ನಿಜ. ಮಂಚದ ಮೇಲೆ ಒಣಗಿದ ಕಡ್ಡಿಯಂತೆ ಮಲಗಿದ್ದಳು; ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಮಂಜಿರಿಯನ್ನು ಕಂಡು ಎದ್ದು ಕೂಡಲು ಹೆಣಗಿ ಸೋತಳು.

"ಬಾ ನನ್ನವ್ವಾ, ಸನೇಕ ಬಾ. ಗಲ್ಲ ಥೇಟ್ ಸುವರ್ಣಾಂದೇ."

ಹುಡುಗಿ ಪ್ರಮಿಲಾಳ ಸೆರಗು ಹಿಡಿದೇ ನಿಂತಳು. "ಕಾಕಾ, ಈ ಅಜ್ಜಿಗಿ ನಮ್ಮವ್ವ ಗೊತ್ತೇನು?" ಎಂದಳು. ಅವನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತ. ಸ್ವಲ್ಪ ಹೊತ್ತಾದ ಮೇಲೆ ಮಂಜಿರಿ ತಾನೇ ಮಂಚದ ಅಂಚಿಗೆ ಕೂತು, ಔಷಧದ ಡಬ್ಬಿಯ ಕಾಗದ ಬಿಡಿಸಿ ಅಜ್ಜಿಗೊಂದು ದೋಣಿ ಮಡಚತೊಡಗಿದಳು. ಕೇತಕಿ ಸುಧಾರಿಸಿಕೊಂಡು ಪಕ್ಕದಲ್ಲಿ ಕೂತು ಸಲಹೆ ಕೊಟ್ಟಳು. ಮುದುಕಿಯ ಕೈ ಮಗುವಿನ ಬೆನ್ನಿನಿಂದ ಕೆಳಗಿಳಿಯಲೇ ಇಲ್ಲ.

ಸುವರ್ಣಾ ಬಂದಾಗ ಅಂಗಡಿಯ ಸಮವಸ್ತ್ರದ ಸೀರೆಯಲ್ಲೇ ಇದ್ದಳು. ಹೊಸ್ತಿಲಲ್ಲಿ ನಿಂತು ಮೊದಲು ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು. ಆಮೇಲೆ ಒಳಗೆ ಬಂದು ಮಗಳನ್ನು ಎದೆಗೆ ಒತ್ತಿಕೊಂಡಳು, ಮುದುಕಿಯ ಪಾದ ಮುಟ್ಟಿದಳು. ಮುದುಕಿ, "ನನ್ನ ಮಗಂದು ತಪ್ಪವ್ವಾ" ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದಳು.

ಪ್ರಮಿಲಾಳಿಗೆ ತಡೆಯಲಾಗಲಿಲ್ಲ. ಹೊರಗೆ ಕರೆದು, ಸ್ಟ್ಯಾಂಡಿನಲ್ಲಿ ಒದರಲು ಹೋಗಿ ತಡೆದುಕೊಂಡದ್ದನ್ನು ಹೇಳಿ, ಆಮೇಲೆ "ಹೊಡೀತಿದ್ದನೇನು? ಕುಡೀತಿದ್ದನೇನು?" ಎಂದು ಕೇಳಿದಳು.

"ಇಲ್ಲ ವೈನಿ. ಸಂಶೆ." ಸುವರ್ಣಾ ಅಮಿತಕುಮಾರನಿಗೆ ಕೇಳುವಂತೆಯೇ ಹೇಳಿದಳು. "ಹಾಲಿನವನ ಜೋಡಿ ಯಾಕ ನಕ್ಕಿ, ಫೋನಿನಾಗ ಯಾರ ಇದ್ರು, ಕಿಟಕಿ ಯಾಕ ತೆರದಿ. ಕಡೀಗಿ ಕೆಲಸಕ್ಕ ಹೋಗುಮುಂದ ಹೊರಗಿಂದ ಕೀಲಿ ಹಾಕ್ಲಕ ಸುರು ಮಾಡ್ದ. ಮಗಳಿಗಿ ಕಾಗದದ ಕಪ್ಪಿ ಮಾಡಿ ಕೊಡೂ ಕೈಲೇನೇ ನನಗ ಕೀಲಿ ಹಾಕಿ ಹೋಗ್ತಿದ್ದ. ಆಟ ಆಡ್ತಾನ ಅಂತ ಮಗಳಿಗಿ ಅಪ್ಪ ಭಾಳ ಛೊಲೋ. ನನಗ ಆ ಮನಿ ಜೇಲು."

ಪ್ರಮಿಲಾ ಹಾಲಿಗೆ ಬೆರಳದ್ದುವ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಮಿತಕುಮಾರ ತಲೆ ತಗ್ಗಿಸಿ ನಿಂತಿದ್ದ. "ಮಗಳನ್ನ ನೋಡಬೇಕು ಅಂತ ಕೇಳಿದ್ರ ನೀ ಬಿಡ್ತಿದ್ದಿ?" ಎಂದ, ಸಿಟ್ಟಿಲ್ಲದೆ.

"ಕೇಳಿ ನೋಡಬೇಕಿತ್ತು. ಕೇಳಲಾರದ ಒಯ್ದಿ. ಇವತ್ತ ವೈನಿ ಸ್ಟ್ಯಾಂಡಿನಾಗ ಒಂದ ಸಲ ಒದರಿದ್ರ ನೀ ಈಗ ಇಲ್ಲಿ ನಿಂತಿರತಿರಲಿಲ್ಲ, ಗೊತ್ತದ ಏನು?"

ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಅವನು ಪ್ರಮಿಲಾಳ ಕಡೆ ನೋಡಿದ. ಅವಳು ಬೇರೆ ಕಡೆ ನೋಡಿದಳು.

ಒಳಗಿನಿಂದ ಮಂಜಿರಿ ಬಂದು ನಡುವೆ ನಿಂತಳು. ದೊಡ್ಡವರ ಮಾತು ಅವಳ ಕಿವಿಗೆ ಬಿದ್ದಿತ್ತು. "ಹಂಗಾದ್ರ ನಾ ಇವರಿಗಿ ಕಾಕಾ ಅನಬೇಕೋ, ಅಪ್ಪ ಅನಬೇಕೋ?" ಎಂದು ತಾಯಿಯನ್ನು ಕೇಳಿದಳು. ಸುವರ್ಣಾ ಅವಳ ಕೂದಲು ಸರಿಮಾಡಿದಳು. ಮಂಚದ ಮೇಲಿಂದ ಮುದುಕಿಯೇ ಕೂಗಿ ಹೇಳಿದಳು: "ಅವಸರ ಇಲ್ಲವ್ವಾ. ನಿನಗ ಬಾಯಿಗಿ ಬಂದಾಗ ಬಂದದ್ದು ಅನ್ನು."

ಹೊತ್ತು ಮುಳುಗುವ ಮೊದಲು ಅವರು ಬಸ್ಸು ಹಿಡಿದರು. ಹೊರಡುವಾಗ ಸುವರ್ಣಾ ಅವನಿಗೆ ಹೇಳಿದಳು: ಬೇಕಾದರೆ ಮಂಗಳವಾರ ಬಾ, ನಾನು ಮನೆಯಲ್ಲಿರುವಾಗ ಬಾ, ನಿನ್ನ ಹೆಸರಿನಿಂದ ಬಾ. ಮಗಳನ್ನು ಎಲ್ಲಿಗೂ ಕರೆದೊಯ್ಯುವಂತಿಲ್ಲ. ಅವನು ಹೂಂ ಎಂದ. ಆ ಹೂಂ ಎಷ್ಟು ದಿನದ್ದೋ ಎಂದು ಪ್ರಮಿಲಾ ದಾರಿಯುದ್ದಕ್ಕೂ ಯೋಚಿಸಿದಳು. ಸಂತಪುರ ದಾಟಿದ ಮೇಲೆ ಸುವರ್ಣಾ ಅವಳ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಳು.

ಭಾಲ್ಕಿಯಲ್ಲಿ ಇನ್ನೊಂದು ಕೆಲಸ ಉಳಿದಿತ್ತು. ಪ್ರಮಿಲಾ ಮೊದಲು ಶಿವಕಾಂತಾಳ ಬಾಗಿಲಿಗೆ ಹೋದಳು, ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಬರೆದಳು, ಆಮೇಲೆ ಮನೆಮನೆಗೆ ಹೋಗಿ ಹೇಳಿದಳು. ಕಳ್ಳ ಎಂದಾಗ ಒಂದೇ ಮಧ್ಯಾಹ್ನದಲ್ಲಿ ಓಡಿದ ಸುದ್ದಿ, ಕಳ್ಳನಲ್ಲ ಎಂದಾಗ ಕುಂಟತೊಡಗಿತು. "ನಿಮಗೇನು ಗೊತ್ತು ಬಿಡ್ರಿ, ಹಂಗೇ ನಾಟಕ ಮಾಡ್ತಾರ" ಎಂದರು ಕೆಲವರು. ಅವಳ ಹಳೆಯ ಮಾತುಗಳನ್ನೇ ಅವಳಿಗೆ ತಿರುಗಿಸಿ ಹೇಳಿದಂತಿತ್ತು.

ಹಾಗಾಗಿ ಮಂಗಳವಾರ ಅವಳು ತಾನೇ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಳು. ಅಮಿತಕುಮಾರ ಚೀಲ ಹಿಡಿದು ಇಳಿದ. "ನನ್ನ ಹಿಂದ ಬರ್ರಿ. ಆಚೀಚಿ ನೋಡಬ್ಯಾಡ್ರಿ" ಎಂದಳು. ಪಾನ್ ಅಂಗಡಿಯ ಮುಂದೆ ನಾಲ್ಕಾರು ಗಂಡಸರು ಎದ್ದು ನಿಂತರು. ಮಡೆಪ್ಪ ದಾರಿಗೆ ಅಡ್ಡ ಬಂದ.

"ವೈನಿ, ಇವನೇ ಅಲ್ಲೇನ್ರಿ?"

"ಇವರು ಮಂಜಿರಿ ಅಪ್ಪ, ಮಡೆಪ್ಪಣ್ಣ. ನಾ ತಿಳೀದ ಆಡಿದ್ದೆ. ಏನರ ಮಾಡೂದಿದ್ರ ಮೊದಲ ನನಗ ಮಾಡ್ರಿ."

ಮಡೆಪ್ಪ ಅವಳನ್ನೂ ಅವನನ್ನೂ ನೋಡಿ, ಬಾಯಲ್ಲಿನ ಎಲೆ ಉಗಿದು ಬದಿಗೆ ಸರಿದ. ಪ್ರಮಿಲಾ ಮುಂದೆ ನಡೆದಳು. ಹಿಂದೆ ಬರುತ್ತಿದ್ದವನ ಚಪ್ಪಲಿಯ ಸದ್ದು ಒಮ್ಮೆಯೂ ನಿಲ್ಲಲಿಲ್ಲ.

ಸುವರ್ಣಾ ಕಟ್ಟೆಯ ಮೇಲೆ ಚಾಪೆ ಹಾಸಿ ಕೂತಿದ್ದಳು. "ಬರ್ರಿ" ಎನ್ನುವವರೆಗೂ ಅವನು ಮೆಟ್ಟಿಲ ಕೆಳಗೇ ನಿಂತ. ಎಮ್ಮೆ ಮಾಡುವುದು ಬಾಕಿ ಇತ್ತು. ಸಾಲೆ ಬಿಟ್ಟು ಬಂದ ಮಂಜಿರಿ ಕರಿ ಕಾಗದ ಬೇಕೆಂದು ಹಟ ಮಾಡಿದಳು. ಅವನಿಗೆ ಹೆಸರಿಡದೆ, "ಏನ್ರಿ, ಕೋಡು ಹ್ಯಾಂಗ ಮಾಡೂದು?" ಎಂದಳು. ತಾಯಿ, ಮಗಳು, ಅವನು, ಮೂವರ ನಡುವೆ ಕತ್ತರಿಸಿದ ಕಾಗದದ ಚೂರುಗಳು ಹರಡಿದವು. ಸುವರ್ಣಾ ನಗಲಿಲ್ಲ. ಎದ್ದೂ ಹೋಗಲಿಲ್ಲ.

ಅಂಗಡಿಯಿಂದ ತಡವಾಗಿ ಊಟಕ್ಕೆ ಬಂದ ಭಾಲಚಂದ್ರ, ಬಾಗಿಲಲ್ಲಿ ಕೂತ ಹೆಂಡತಿಯ ಪಕ್ಕ ಚಪ್ಪಲಿ ಬಿಡುತ್ತ ಮೆಲ್ಲಗೆ ಕೇಳಿದ: "ಈಗರ ಅವನ ಮ್ಯಾಲ ನಂಬಿಕಿ ಬಂತೇನು?"

ಪ್ರಮಿಲಾ ಕಟ್ಟೆಯ ಕಡೆಯಿಂದ ಕಣ್ಣು ತೆಗೆಯದೆ ಅವನಿಗೆ ಒಳಗೆ ಹೋಗಲು ದಾರಿ ಬಿಟ್ಟಳು.

"ಇನ್ನೂ ನೋಡ್ಲಕತ್ತೇನಿ. ರೊಟ್ಟಿ ಮುಚ್ಚಿಟ್ಟೇನಿ, ನೀವು ಊಟಾ ಮಾಡ್ರಿ."